ದಾಸತ್ವದಿಂದ ಬಿಡುಗಡೆಯಾದ ಭಾಷಾಂತರಕಾರರು: ಐಥಿಯೋಪ್ಯದ ಒನೇಸಿಮ ನೆಸೀಬರ ಚರಿತ್ರೆ

ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯವು ನಮ್ಮ ಸಭೆಗಳಲ್ಲಿ ಓದಲ್ಪಡುವಾಗಲೆಲ್ಲಾ ಐಥಿಯೋಪ್ಯದ ಆ ಅಧಿಕಾರಿಯು ನಮ್ಮ ಕಣ್ಣ ಮುಂದೆ ಬರುತ್ತಾನೆ. ಅವನು ರಥದಲ್ಲಿ ಕೂತು ಪ್ರವಾದಿಯ ಗ್ರಂಥವನ್ನು ಓದುತ್ತಿದ್ದನು. ಆದರೆ ಓದಿದ್ದರ ಅರ್ಥವನ್ನು ತಿಳಿಸಿಕೊಡುವವನೊಬ್ಬನು ಅವನಿಗೆ ಬೇಕಾಗಿದ್ದನು. ಫಿಲಿಪ್ಪನು ಆ ಕೆಲಸವನ್ನು ಮಾಡಿದನು. ಅಲ್ಲಿ ಹೇಳಿರುವ ರಾಣಿಯ ರಾಜ್ಯವು ನೈಲ್ ನದಿಯ ದಡದಲ್ಲಿದ್ದ ಮೆರೋವೆಯೆಂದೂ ಅದು ಈಗಿನ ಸೂಡಾನಿನೊಳಗೆ ಸೇರಿದ್ದೆಂದೂ ಪಂಡಿತರು ತಿಳಿಸುತ್ತಾರೆ. ಹೇಗಾದರೂ ಆಗಲಿ, ಓದುವವನಿಗೆ ತಿಳಿಯುವಂತೆ ವಾಕ್ಯವನ್ನು ಬಿಡಿಸಿ ಹೇಳುವವನು ಬೇಕೆಂಬ ಸಂಗತಿಯು ಆ ದೇಶದ ಹೆಸರಿನೊಂದಿಗೆ ಅಂದಿನಿಂದಲೂ ಸೇರಿಕೊಂಡಿದೆ. ಈ ತಿಂಗಳು ನಾವು ಈಗಿನ ಐಥಿಯೋಪ್ಯದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಆ ಕೆಲಸಕ್ಕೆ ತಕ್ಕ ಹೆಸರನ್ನು ಪಡೆದ ಒಬ್ಬರ ಚರಿತ್ರೆಯನ್ನು ಹೇಳಬೇಕೆಂದಿದ್ದೇವೆ.

೧. ದೇಶವೂ ಜನಗಳೂ

ಐಥಿಯೋಪ್ಯವು ಆಫ್ರಿಕ ಖಂಡದ ಪೂರ್ವಭಾಗದಲ್ಲಿರುವ ಎತ್ತರವಾದ ಬೆಟ್ಟಸೀಮೆ. ಅಲ್ಲಿ ಕ್ರೈಸ್ತಮತವು ಬಹು ಪುರಾತನವಾದದ್ದು. ನಾಲ್ಕನೆಯ ಶತಮಾನದಲ್ಲಿಯೇ ಅಕ್ಸುಮಿನ ಅರಸನಾದ ಏಜಾನನು ಕರ್ತನನ್ನು ಅಂಗೀಕರಿಸಿದನು. ಫ್ರುಮೆಂತ್ಯನೆಂಬವನು ಅಲ್ಲಿನ ಮೊದಲನೆಯ ಬಿಷಪನಾದನು. ಆ ಪುರಾತನ ಸಭೆಯ ಆರಾಧನೆಯು ಗೀಜ್ ಎಂಬ ಹಳೆಯ ಭಾಷೆಯಲ್ಲಿ ನಡೆಯುತ್ತಾ ಬಂದಿತು. ರಾಜಸಭೆಯ ಭಾಷೆಯು ಅಮ್ಹಾರಿಕ್.

ಆದರೆ ಆ ದೇಶದಲ್ಲಿ ಒಂದೇ ಜನವು ವಾಸಿಸುವದಿಲ್ಲ. ಎಂಭತ್ತಕ್ಕೆ ಸಮೀಪವಾದ ಜನಾಂಗಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒರೋಮೋ ಜನಾಂಗ. ೨೦೦೭ನೆಯ ಇಸವಿಯ ಜನಗಣತಿಯ ಪ್ರಕಾರ ದೇಶದ ನೂರು ಮಂದಿಯಲ್ಲಿ ಸುಮಾರು ೩೪ ಮಂದಿ ಒರೋಮೋಗಳು, ಸುಮಾರು ೨೭ ಮಂದಿ ಅಮ್ಹಾರರು. ಒರೋಮೋಗಳಿಗೆ ತಮ್ಮದೇ ಆದ ಭಾಷೆಯೂ ತಮ್ಮದೇ ಆದ ನ್ಯಾಯಕಟ್ಟಳೆಯೂ ಇದ್ದವು. ಗದಾ ಎಂಬ ಅವರ ವ್ಯವಸ್ಥೆಯಲ್ಲಿ ಅಧಿಕಾರವು ಎಂಟು ವರ್ಷಕ್ಕೊಮ್ಮೆ ಒಂದು ತಂಡದಿಂದ ಮತ್ತೊಂದು ತಂಡಕ್ಕೆ ದಾಟುತ್ತಿತ್ತು. ಯಾರೂ ಸಾಯುವ ತನಕ ಅದನ್ನು ಹಿಡಿದುಕೊಂಡಿರುವಂತಿರಲಿಲ್ಲ. ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದ ಒಬ್ಬ ದೇವರನ್ನು ಅವರು ವಾಕ ಎಂದು ಕರೆಯುತ್ತಿದ್ದರು. ಆದರೆ ಅವರಿಗೆ ಬರೆದ ಪುಸ್ತಕಗಳು ಬಹಳ ಕಡಿಮೆ. ಅವರ ಜ್ಞಾನವೆಲ್ಲಾ ಹಾಡು, ಗಾದೆ, ಒಗಟು, ಕಥೆಗಳಲ್ಲಿ ಅಡಗಿದ್ದು ಬಾಯಿಂದ ಬಾಯಿಗೆ ಬರುತ್ತಿತ್ತು. ಹೊರಗಿನವರು ಅವರನ್ನು ಬೇರೊಂದು ಹೆಸರಿನಿಂದ ಕರೆಯುತ್ತಿದ್ದರು. ಹಿಂದಿನ ಮಿಶನ್ ಪುಸ್ತಕಗಳಲ್ಲಿಯೂ ಅದೇ ಹೆಸರು ಕಾಣುತ್ತದೆ. ಅದನ್ನು ಅವರು ನಿಂದೆಯೆಂದೆಣಿಸುವದರಿಂದ ನಾವು ಅದನ್ನು ಇಲ್ಲಿ ಬರೆಯುವದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸೀಮೆಯ ಮೇಲೆ ಎರಡು ಕೇಡುಗಳು ಬಂದವು. ಒಂದನೆಯದು, ದಾಸರ ವ್ಯಾಪಾರ. ಕಳ್ಳರು ಮಕ್ಕಳನ್ನು ಹಿಡಿದು ಕೆಂಪು ಸಮುದ್ರದ ತೀರಕ್ಕೆ ತಂದು ಅರಬಿಸ್ಥಾನಕ್ಕೆ ಮಾರುತ್ತಿದ್ದರು. ಈ ವ್ಯಾಪಾರವು ನಮ್ಮ ದೇಶಕ್ಕೂ ತಿಳಿಯದ್ದಲ್ಲ. ಬಿಜಾಪುರದ ಸುಲ್ತಾನರ ಕಾಲದಲ್ಲಿ ಹಬ್ಶಿಗಳೆನಿಸಿಕೊಂಡ ಸರದಾರರೂ, ಅಹಮದನಗರದ ರಾಜ್ಯವನ್ನು ಕಾಪಾಡಿ ೧೬೨೬ರಲ್ಲಿ ತೀರಿಹೋದ ಮಲಿಕ್ ಅಂಬರನೂ ಆ ಕಡೆಯಿಂದ ಬಂದವರೇ. ಮಲಿಕ್ ಅಂಬರನು ಐಥಿಯೋಪ್ಯದಲ್ಲಿ ಹುಟ್ಟಿ ದಾಸನಾಗಿ ಮಾರಲ್ಪಟ್ಟವನು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಾಡುಗಳಲ್ಲಿ ನಮ್ಮೊಂದಿಗೆ ವಾಸಿಸುವ ಸಿದ್ದಿಗಳೂ ಆಫ್ರಿಕದಿಂದ ತರಲ್ಪಟ್ಟವರ ಸಂತತಿಯವರು. ಎರಡನೆಯದು, ಯುದ್ಧ. ಶೋವಾ ಸೀಮೆಯ ಅರಸನೂ ೧೮೮೯ರಿಂದ ಐಥಿಯೋಪ್ಯದ ಚಕ್ರವರ್ತಿಯೂ ಆದ ಎರಡನೆಯ ಮೆನೆಲಿಕನು ದಕ್ಷಿಣದ ಮತ್ತು ಪಶ್ಚಿಮದ ಸೀಮೆಗಳನ್ನು ಒಂದೊಂದಾಗಿ ತನ್ನ ಕೈಕೆಳಗೆ ತಂದನು. ಇದೇ ಮೆನೆಲಿಕನು ೧೮೯೬ನೆಯ ಮಾರ್ಚ್ ೧ರಲ್ಲಿ ಅದ್ವಾ ಎಂಬಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿ ಆಫ್ರಿಕದವರೆಲ್ಲರ ತಲೆಯನ್ನು ಎತ್ತಿಸಿದನು. ಒಬ್ಬನೇ ಅರಸನು ಒಂದು ಕಡೆ ಸ್ವಾತಂತ್ರ್ಯವನ್ನು ಕಾಪಾಡಿದವನೂ ಮತ್ತೊಂದು ಕಡೆ ಅನ್ಯಜನಗಳನ್ನು ಅಧೀನಮಾಡಿಕೊಂಡವನೂ ಆಗಿದ್ದಾನೆಂಬದನ್ನು ವಾಚಕರು ಮರೆಯಬಾರದು. ಐಥಿಯೋಪ್ಯದವರು ಈ ವರೆಗೂ ಅವನ ವಿಷಯದಲ್ಲಿ ಏಕಮನಸ್ಸಿಲ್ಲದೆ ಇರುವದಕ್ಕೆ ಇದೇ ಕಾರಣ.

೨. ಮಾರಲ್ಪಟ್ಟ ಹುಡುಗನು

ಸುಮಾರು ೧೮೫೬ನೆಯ ಇಸವಿಯಲ್ಲಿ ಒರೋಮೋ ಸೀಮೆಯ ಪಶ್ಚಿಮದಲ್ಲಿ ಹುರುಮು ಎಂಬ ಊರಿನ ಸಮೀಪದಲ್ಲಿ ಒಂದು ಗಂಡುಮಗುವು ಹುಟ್ಟಿತು. ತಾಯಿತಂದೆಗಳು ಅದಕ್ಕೆ ಹೀಕಾ ಎಂದು ಹೆಸರಿಟ್ಟರು. ಆ ಮಾತಿಗೆ ಒರೋಮೋ ಭಾಷೆಯಲ್ಲಿ ಬಿಡಿಸಿ ಹೇಳುವವನು, ಭಾಷಾಂತರ ಮಾಡುವವನು ಎಂಬ ಅರ್ಥವುಂಟು. ಮಗುವಿಗೆ ನಾಲ್ಕು ವರ್ಷವಾಗಿದ್ದಾಗ ತಂದೆಯು ತೀರಿಹೋದನು. ತರುವಾಯ ಆ ಹುಡುಗನು ಕಳ್ಳರ ಕೈಗೆ ಸಿಕ್ಕಿ ಮಾರಲ್ಪಟ್ಟನು. ಅವನು ಮುಂದೆ ಬರೆದುಕೊಟ್ಟ ವೃತ್ತಾಂತದ ಪ್ರಕಾರ ಎಂಟು ಮಂದಿ ಒಡೆಯರ ಕೈ ದಾಟಿದನು. ಸಂತೆಯಲ್ಲಿ ದನವು ಕೈ ಬದಲಾಯಿಸುವ ಹಾಗೆ ಒಂದು ಮಗುವು ಎಂಟು ಸಾರಿ ಕೈ ಬದಲಾಯಿಸಿತೆಂದರೆ ಅದರ ತಾಯಿಯ ಗತಿಯನ್ನು ಯಾರು ಹೇಳಬಲ್ಲರು?

೧೮೭೦ರಲ್ಲಿ ಕೆಂಪು ಸಮುದ್ರದ ರೇವುಪಟ್ಟಣವಾದ ಮಸ್ಸಾವದಲ್ಲಿ ವೆರ್ನರ್ ಮುನ್ಸಿಂಗರ್ ಎಂಬ ಸ್ವಿಸ್ ದೊರೆಯು ಅವನನ್ನು ಬಿಡುಗಡೆ ಮಾಡಿಸಿದನು. ಅಲ್ಲಿ ಸ್ವೀಡನ್ ದೇಶದ ಇವಾಂಜೆಲಿಕಲ್ ಮಿಶನಿನವರು ೧೮೬೬ರಿಂದ ಇದ್ದರು. ಅವರು ಆ ದೇಶಕ್ಕೆ ಬಂದ ಉದ್ದೇಶವೇ ಒರೋಮೋ ಜನರಿಗೆ ಸುವಾರ್ತೆಯನ್ನು ಮುಟ್ಟಿಸುವದಾಗಿತ್ತು. ಆದರೆ ಒಳನಾಡಿನ ದಾರಿಯು ಅವರಿಗೆ ಮುಚ್ಚಿತ್ತು. ಅವರು ಒರೋಮೋ ಸೀಮೆಗೆ ಹೋಗಲಾರದೆ ಇರಲಾಗಿ ಒರೋಮೋ ಮಕ್ಕಳು ಸಂಕೋಲೆಯಲ್ಲಿ ಅವರ ಬಾಗಿಲಿಗೆ ಬಂದರು! ಮನುಷ್ಯರು ಕೇಡಿಗಾಗಿ ಮಾಡಿದ್ದನ್ನು ದೇವರು ಹೇಗೆ ತಿರುಗಿಸುತ್ತಾನೆಂಬದನ್ನು ಯೋಸೇಫನ ಚರಿತ್ರೆಯನ್ನು ಬಲ್ಲವರಿಗೆ ನಾವು ವಿವರಿಸಬೇಕಾಗಿಲ್ಲ.

ಮಸ್ಸಾವದ ಬಳಿಯ ಇಂಕುಲ್ಲು ಎಂಬಲ್ಲಿದ್ದ ಮಿಶನ್ ಶಾಲೆಯಲ್ಲಿ ಹುಡುಗನು ಆಸಕ್ತಿಯಿಂದ ಕಲಿತನು. ೧೮೭೨ನೆಯ ಮಾರ್ಚ್ ೩೧ರಲ್ಲಿ, ಕರ್ತನ ಪುನರುತ್ಥಾನದ ಹಬ್ಬದ ದಿನದಲ್ಲಿ, ಅವನು ದೀಕ್ಷಾಸ್ನಾನವನ್ನು ಹೊಂದಿ ಒನೇಸಿಮನೆಂಬ ಹೆಸರನ್ನು ತೆಗೆದುಕೊಂಡನು. ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆಯಲ್ಲಿ ಕಾಣುವ ದಾಸನ ಹೆಸರು ಅದೇ. ಉಪಯುಕ್ತನು ಎಂಬದು ಅದರ ಅರ್ಥ. ಆದರೆ ತಂದೆಯ ಹೆಸರಾದ ನೆಸೀಬನ್ನು ಅವನು ಬಿಟ್ಟುಬಿಡಲಿಲ್ಲ. ಹೊಸ ಜನ್ಮದ ಹೆಸರೂ ಹುಟ್ಟಿದ ಮನೆಯ ಹೆಸರೂ ಜೀವಮಾನವೆಲ್ಲಾ ಅವನಲ್ಲಿ ಜೊತೆಯಾಗಿದ್ದವು.

೩. ಎರಡು ಸಾರಿ ಮುಚ್ಚಿದ ದಾರಿ

ಅವನ ಬುದ್ಧಿಯನ್ನು ಕಂಡ ಮಿಶನಿನವರು ಅವನನ್ನು ಸ್ವೀಡನಿಗೆ ಕಳುಹಿಸಿದರು. ಅಲ್ಲಿ ಯೊಹಾನ್ನೆಲುಂದ್ ಎಂಬ ಮಿಶನ್ ವಿದ್ಯಾಲಯದಲ್ಲಿ ಐದು ವರ್ಷ ಕಲಿತು ೧೮೮೧ರಲ್ಲಿ ಉಪದೇಶಕರಾಗಿ ತಿರಿಗಿ ಬಂದರು. ಮೆಹ್ರೆತ್ ಹೈಲು ಎಂಬಾಕೆಯನ್ನು ವಿವಾಹವಾದರು. ಸ್ವೀಡನಿನಲ್ಲಿಯೇ ಉಳಿದು ಗೌರವದಿಂದ ಬದುಕಬಹುದಾಗಿತ್ತು. ಮಸ್ಸಾವದಲ್ಲಿಯಾದರೂ ನೆಮ್ಮದಿಯಿಂದ ಇರಬಹುದಾಗಿತ್ತು. ಆದರೆ ಅವರ ಮನಸ್ಸು ತಾವು ಕದಿಯಲ್ಪಟ್ಟ ಸೀಮೆಯ ಕಡೆಗೇ ತಿರುಗಿತ್ತು.

ಐಥಿಯೋಪ್ಯದ ನೇರವಾದ ದಾರಿಯು ಮುಚ್ಚಲ್ಪಟ್ಟಿದ್ದರಿಂದ ಅವರೂ ಸಂಗಡಿಗರೂ ಸೂಡಾನಿನ ಮರುಭೂಮಿಯನ್ನು ಸುತ್ತಿಕೊಂಡು ಪಶ್ಚಿಮದಿಂದ ಒರೋಮೋ ಸೀಮೆಯನ್ನು ಸೇರಲು ಹೊರಟರು. ಗಡಿಯ ಸಮೀಪದ ಫಾಮಕಾ ಎಂಬ ಸ್ಥಳದ ತನಕ ಹೋದರು; ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ. ಒನೇಸಿಮರು ಜ್ವರದಿಂದ ಬಿದ್ದರು. ೧೮೮೨ನೆಯ ಎಪ್ರಿಲ್ ತಿಂಗಳಲ್ಲಿ ಖಾರ್ತೂಮಿಗೆ ಹಿಂದಿರುಗಿದಾಗ ಮಹ್ದಿಯ ದಂಗೆಯು ಆ ದೇಶದಲ್ಲಿ ಹಬ್ಬುತ್ತಿತ್ತು. ಬಹು ಕಷ್ಟದಿಂದ ಅವರು ಪುನಃ ಸಮುದ್ರತೀರವನ್ನು ಸೇರಿದರು.

ಕೆಲವು ವರ್ಷಗಳಾದ ಮೇಲೆ ಎರಡನೆಯ ಪ್ರಯತ್ನವಾಯಿತು. ಈ ಸಾರಿ ಪೂರ್ವದ ದಾರಿಯಿಂದ ಶೋವಾ ಸೀಮೆಯ ಎಂತೊಟ್ಟೊ ಎಂಬ ರಾಜಧಾನಿಯ ತನಕ ಹೋದರು. ೧೮೮೬ರಲ್ಲಿ ಮೆನೆಲಿಕನು ಮುಂದೆ ಹೋಗುವದಕ್ಕೆ ಅಪ್ಪಣೆಕೊಡಲಿಲ್ಲ. ಬೆಟ್ಟದ ಮೇಲೆ ನಿಂತರೆ ಸ್ವಜನರ ಸೀಮೆಯು ಪಶ್ಚಿಮದಲ್ಲಿ ಇತ್ತು. ಅಷ್ಟು ಹತ್ತಿರ ಹೋಗಿ ಅವರು ಹಿಂದಿರುಗಬೇಕಾಯಿತು.

ಪ್ರಿಯರೇ, ನಾವು ಪ್ರಾರ್ಥಿಸಿ ಕೈ ಹಾಕಿದ ಕೆಲಸವು ಒಂದು ಸಾರಿ ಕೆಟ್ಟರೆ ಇದು ದೇವರ ಚಿತ್ತವಲ್ಲವೆಂದು ಹೇಳಿ ಕೂತುಕೊಳ್ಳುವದುಂಟು. ಒನೇಸಿಮರಿಗೆ ದಾರಿಯು ಎರಡು ಸಾರಿ ಮುಚ್ಚಿತು. ಅವರು ಕೈಕಟ್ಟಿ ಕೂರಲಿಲ್ಲ. ತಾವು ಹೋಗಲಾರದ ಊರಿಗೆ ಪುಸ್ತಕವು ಹೋಗಬಹುದೆಂದು ತಿಳಿದು ಲೇಖನಿಯನ್ನು ಹಿಡಿದರು.

೪. ಭಾಷೆಯಲ್ಲಿ ಬಡವರಾಗಿದ್ದ ಭಾಷಾಂತರಕಾರರು

ಒರೋಮೋ ಭಾಷೆಯಲ್ಲಿ ದೇವರ ವಾಕ್ಯವನ್ನು ಬರೆಯಲು ಮೊದಲು ಪ್ರಯತ್ನಿಸಿದವರು ಅವರಲ್ಲ. ಬಾಸೆಲಿನ ಮಿಶನ್ ಶಾಲೆಯಲ್ಲಿ ಕಲಿತ ಲುದ್ವಿಗ್ ಕ್ರಾಫ್ ಎಂಬ ಜರ್ಮನ್ ಮಿಶನರಿಯು ಅದಕ್ಕಿಂತ ಮುಂಚೆಯೇ ಕೆಲವು ಭಾಗಗಳನ್ನು ಭಾಷಾಂತರಿಸಿದ್ದನು. ಆದರೆ ಆ ಭಾಷೆಯನ್ನು ತಾಯಿಯ ಬಾಯಿಂದ ಕೇಳಿದವರೊಬ್ಬರು ಇಡೀ ಗ್ರಂಥವನ್ನು ಬರೆಯುವ ಕೆಲಸವು ಉಳಿದಿತ್ತು. ಅದು ಒನೇಸಿಮರ ಪಾಲಿಗೆ ಬಂತು.

ಇಲ್ಲಿ ಒಂದು ದುಃಖದ ಸಂಗತಿಯನ್ನು ಹೇಳಬೇಕು. ಬಾಲ್ಯದಲ್ಲಿಯೇ ಮನೆಯಿಂದ ಕದಿಯಲ್ಪಟ್ಟವರಿಗೆ ಭಾಷೆಯು ತುಂಬಾ ತಿಳಿದಿರುವದು ಹೇಗೆ? ಮಕ್ಕಳು ಆಡುವ ಮಾತುಗಳು ಅವರಿಗೆ ನೆನಪಿದ್ದವು. ಹಿರಿಯರು ನ್ಯಾಯಸ್ಥಾನದಲ್ಲಿ ಆಡುವ ಮಾತುಗಳೂ, ಮದುವೆಯ ಮತ್ತು ಸಾವಿನ ಮನೆಯ ಮಾತುಗಳೂ, ಹೊಲಗೆಲಸದ ನೂರಾರು ಹೆಸರುಗಳೂ ಸಾಲದಾಗಿದ್ದವು. ಕಳ್ಳರು ಅವರ ಬಾಲ್ಯವನ್ನು ಮಾತ್ರವಲ್ಲ, ಮಾತುಗಳನ್ನೂ ಕದ್ದಿದ್ದರು. ಅವರು ಈ ಬಡತನವನ್ನು ಮುಚ್ಚಿಡದೆ ಒಪ್ಪಿಕೊಂಡು ಸಹಾಯವನ್ನು ಹುಡುಕಿದರು.

ಆ ಸಹಾಯವು ಮತ್ತೊಬ್ಬ ದಾಸಿಯ ರೂಪದಲ್ಲಿ ಬಂತು. ೧೮೮೬ರಲ್ಲಿ ಇಟಲಿಯವರ ಹಡಗೊಂದು ಅರಬಿಸ್ಥಾನಕ್ಕೆ ಹೋಗುತ್ತಿದ್ದ ದಾಸರ ದೋಣಿಯನ್ನು ತಡೆದು ಅದರಲ್ಲಿದ್ದ ಒರೋಮೋ ಮಕ್ಕಳನ್ನು ಬಿಡಿಸಿತು. ಅವರು ಇಂಕುಲ್ಲಿನ ಶಾಲೆಗೆ ತರಲ್ಪಟ್ಟರು. ಅವರಲ್ಲಿ ಆಸ್ತೆರ್ ಗನ್ನೋ ಎಂಬ ಹುಡುಗಿಯಿದ್ದಳು. ಸುಮಾರು ಹದಿನಾಲ್ಕು ವರ್ಷದವಳಾದ ಆಕೆಯ ಬಾಯಲ್ಲಿ ಭಾಷೆಯು ಹೊಸ ಹಾಲಿನಂತೆ ಕೆಡದೆ ಇತ್ತು. ಆಕೆಯು ಬೇಗನೆ ಓದುಬರಹವನ್ನು ಕಲಿತು, ತನ್ನ ಜನರ ಹಾಡುಗಳನ್ನೂ ಗಾದೆಗಳನ್ನೂ ಒಗಟುಗಳನ್ನೂ ಕಥೆಗಳನ್ನೂ ನೆನಪಿನಿಂದ ಬರೆದಿಟ್ಟಳು. ಅವು ಸುಮಾರು ಐನೂರು. ಶಬ್ದಕೋಶಕ್ಕೆ ಬೇಕಾದ ಮಾತುಗಳನ್ನು ಆಕೆ ಕೂಡಿಸಿಕೊಟ್ಟಳು. ಒನೇಸಿಮರ ಭಾಷಾಂತರದಲ್ಲಿ ತಡವರಿಸಿದ ವಾಕ್ಯಗಳು ಆಕೆಯ ಸಹಾಯದಿಂದ ನೆಟ್ಟಗಾದವು.

ಹೀಗೆ ಇಬ್ಬರು ದಾಸರ ಕೈಯಿಂದ ಒಂದು ಜನಾಂಗದ ಪುಸ್ತಕಗಳು ಹುಟ್ಟಿದವು. ಮೊದಲು ನೂರು ಕೀರ್ತನೆಗಳ ಪುಸ್ತಕವಾಯಿತು. ೧೮೯೩ರಲ್ಲಿ ಹೊಸ ಒಡಂಬಡಿಕೆಯು ಇಂಕುಲ್ಲಿನಲ್ಲಿ ಅಚ್ಚಾಯಿತು. ೧೮೯೪ರಲ್ಲಿ ಮೊದಲನೆಯ ಪಾಠಪುಸ್ತಕವು ಹೊರಟಿತು; ಅದರಲ್ಲಿ ಆಸ್ತೆರಳು ಕೂಡಿಸಿದ ಗಾದೆಗಳೂ ಕಥೆಗಳೂ ಹಾಡುಗಳೂ ಸೇರಿದ್ದವು. ಅದೇ ೧೮೯೪ರಲ್ಲಿ ನಮ್ಮ ಮಂಗಳೂರಿನಲ್ಲಿ ಕಿಟೆಲ್ ಪಂಡಿತರ ಕನ್ನಡ ಶಬ್ದಕೋಶವು ಅಚ್ಚಾಯಿತೆಂಬದನ್ನು ನೆನಸಿದರೆ ನಮಗೆ ಸಂತೋಷವಾಗುತ್ತದೆ. ನಮ್ಮ ಭಾಷೆಗೆ ಸಾವಿರ ವರ್ಷದ ಗ್ರಂಥಗಳಿದ್ದವು. ಕಿಟೆಲರು ಇದ್ದ ನಿಕ್ಷೇಪವನ್ನು ಎಣಿಸಿ ಒಪ್ಪಿಸಿದರು. ಒರೋಮೋ ಭಾಷೆಗಾದರೋ ಒಬ್ಬ ಹುಡುಗಿಯ ನೆನಪೇ ಗ್ರಂಥಭಂಡಾರವಾಯಿತು.

ಇಡೀ ಸತ್ಯವೇದವು ೧೮೯೯ರಲ್ಲಿ ಮುಗಿಯಿತು. ಅದನ್ನು ಸ್ವಿಸ್ ದೇಶದ ಬಾಸೆಲ್ ಪಟ್ಟಣದ ಬಳಿಯಲ್ಲಿರುವ ಸಂತ ಕ್ರಿಶ್ಚೋನ ಎಂಬಲ್ಲಿ ಅಚ್ಚುಹಾಕಿಸಿದರು. ೧೮೩೪ರಲ್ಲಿ ಮಂಗಳೂರಿನಲ್ಲಿ ಇಳಿದ ನಮ್ಮ ಮೊದಲನೆಯ ಮಿಶನರಿಗಳು ಅದೇ ಬಾಸೆಲ್ ಪಟ್ಟಣದಿಂದ ಕಳುಹಿಸಲ್ಪಟ್ಟವರು. ದೇವರನ್ನು ಕರೆಯುವದಕ್ಕೆ ಒನೇಸಿಮರು ಪರದೇಶದ ಹೆಸರನ್ನು ತರಲಿಲ್ಲ; ತಮ್ಮ ಹಿರಿಯರು ಕರೆಯುತ್ತಿದ್ದ ವಾಕನ ಹೆಸರನ್ನೇ ಉಪಯೋಗಿಸಿದರು.

ಅಕ್ಷರಗಳ ವಿಷಯದಲ್ಲಿ ಅವರು ಐಥಿಯೋಪ್ಯದ ಪುರಾತನ ಲಿಪಿಯನ್ನು ಅನುಸರಿಸಿದರು. ಆ ಲಿಪಿಯಲ್ಲಿ ಒತ್ತಕ್ಷರದ ಗುರುತಿಲ್ಲ. ಹ್ರಸ್ವ ದೀರ್ಘಗಳ ಭೇದವೂ ಸರಿಯಾಗಿ ತೋರುವದಿಲ್ಲ. ನಮ್ಮಲ್ಲಿ ಬಳಿ ಎಂಬದನ್ನೂ ಬಳ್ಳಿ ಎಂಬದನ್ನೂ, ಕಡು ಎಂಬದನ್ನೂ ಕಾಡು ಎಂಬದನ್ನೂ ಒಂದೇ ರೀತಿಯಲ್ಲಿ ಬರೆಯಬೇಕಾದರೆ ಎಷ್ಟು ತೊಡಕಾದೀತು! ಒರೋಮೋ ಭಾಷೆಯಲ್ಲಿ ಇಂಥ ಭೇದಗಳು ಹೆಜ್ಜೆಹೆಜ್ಜೆಗೂ ಇವೆ. ಆದರೂ ಆ ಲಿಪಿಯಿಂದಲೇ ಅವರು ತಮ್ಮ ಕೆಲಸವನ್ನು ತೀರಿಸಿದರು.

ಒಂದು ಕೊರತೆಯನ್ನು ನಾವು ಮರೆಮಾಡಬಾರದು. ಸತ್ಯವೇದದ ಮುಖಪತ್ರದಲ್ಲಿ ಆಸ್ತೆರಳ ಹೆಸರು ಬರಲಿಲ್ಲ. ಆಕೆಯ ಕೆಲಸಕ್ಕೆ ಸಲ್ಲತಕ್ಕ ಮಾನವು ಆಕೆಯ ಜೀವಮಾನದಲ್ಲಿ ಸಲ್ಲಲಿಲ್ಲ. ನಮ್ಮ ಸಭೆಗಳಲ್ಲಿಯೂ ಸ್ತ್ರೀಯರು ಮಾಡಿದ ಕೆಲಸಕ್ಕೆ ಪುರುಷರ ಹೆಸರು ಬೀಳುವದನ್ನು ನಾವು ಕಂಡವರಲ್ಲವೋ?

೫. ಸ್ವಜನರ ಬಳಿಗೆ

ಈ ಮಧ್ಯೆ ದಾರಿಯು ಸ್ವಲ್ಪ ಸ್ವಲ್ಪವಾಗಿ ತೆರೆಯಿತು. ೧೮೯೮ರಲ್ಲಿ ಎರಿತ್ರೆಯ ಸೀಮೆಯ ಗೆಬ್ರೆ ಎವೊಸ್ತಾತೆವೊಸ್ ಎಂಬ ಉಪದೇಶಕರು ವೊಲ್ಲೆಗ ಸೀಮೆಯ ಬೋಜಿ ಎಂಬ ಊರನ್ನು ಸೇರಿ ಬೋಧಿಸತೊಡಗಿದರು. ೧೯೦೪ರಲ್ಲಿ ಒನೇಸಿಮರೂ ಆಸ್ತೆರಳೂ ಬೇರೆ ಒರೋಮೋ ವಿಶ್ವಾಸಿಗಳೂ ವೊಲ್ಲೆಗದ ನೆಕೆಮ್ತೆ ಪಟ್ಟಣವನ್ನು ಸೇರಿದರು. ಮಸ್ಸಾವದಲ್ಲಿ ಬಿಡುಗಡೆಯಾದಂದಿನಿಂದ ಮೂವತ್ತನಾಲ್ಕು ವರ್ಷಗಳಾಗಿದ್ದವು. ಹುಡುಗನಾಗಿ ಹೋದವರು ನರೆತ ಕೂದಲಿನ ಹಿರಿಯರಾಗಿ ಬಂದರು. ಕೈಯಲ್ಲಿ ತನ್ನ ಜನರ ಭಾಷೆಯ ಸತ್ಯವೇದವಿತ್ತು.

ನೆಕೆಮ್ತೆಯ ಪ್ರಭುವು ಕುಮ್ಸಾ ಎಂಬ ಒರೋಮೋ ಮನೆತನದವನು. ಅವನು ಮೆನೆಲಿಕನ ಅಧೀನನಾಗಿ ಪುರಾತನ ಸಭೆಯಲ್ಲಿ ಸ್ನಾನಹೊಂದಿ ಗೆಬ್ರೆ ಎಗ್ಜಿಯಬೆರ್ ಎಂಬ ಹೆಸರನ್ನು ಪಡೆದಿದ್ದನು. ಅವನು ಒನೇಸಿಮರನ್ನು ಪ್ರೀತಿಯಿಂದ ಸೇರಿಸಿಕೊಂಡನು. ಶಾಲೆಯು ಸ್ಥಾಪಿತವಾಯಿತು. ಆಸ್ತೆರಳು ಉಪಾಧ್ಯಾಯಿನಿಯಾದಳು.

ಒನೇಸಿಮರು ಒರೋಮೋ ಭಾಷೆಯಲ್ಲಿ ಬೋಧಿಸಿದಾಗ ರೈತರೂ ಹೆಂಗಸರೂ ಗುಂಪುಗುಂಪಾಗಿ ಬಂದು ಕೇಳಿದರು. ಆ ವರೆಗೆ ಅವರು ದೇವಾಲಯಕ್ಕೆ ಹೋದರೆ ತಿಳಿಯದ ಭಾಷೆಯ ಮಂತ್ರವನ್ನು ಕೇಳಿ ಬರುತ್ತಿದ್ದರು. ಈಗಲಾದರೋ ತಾಯಿಯ ಮಾತಿನಲ್ಲಿ ದೇವರು ತಮ್ಮೊಂದಿಗೆ ಮಾತಾಡುವದನ್ನು ಕೇಳಿದರು.

೬. ವಿಚಾರಣೆ

ಇದರಿಂದ ಸ್ಥಳದ ಯಾಜಕರಿಗೆ ಹೊಟ್ಟೆಯುರಿಯಾಯಿತು. ಅವರಲ್ಲಿ ಹೆಚ್ಚಿನವರಿಗೆ ಒರೋಮೋ ಭಾಷೆಯು ತಿಳಿಯುತ್ತಿರಲಿಲ್ಲ. ತಿಳಿಯದ ಭಾಷೆಯಲ್ಲಿ ನಡೆಯುವ ಬೋಧನೆಯ ಮೇಲೆ ಸಂಶಯವು ಬೇಗನೆ ಹುಟ್ಟುತ್ತದೆ. ಒನೇಸಿಮರು ಕರ್ತನ ತಾಯಿಯಾದ ಮರಿಯಳನ್ನು ನಿಂದಿಸಿದರೆಂದು ಅವರು ದೂರು ಹೇಳಿದರು. ೧೯೦೬ನೆಯ ಮೇ ತಿಂಗಳಲ್ಲಿ ಒನೇಸಿಮರು ಐಥಿಯೋಪ್ಯ ಸಭೆಯ ಮುಖ್ಯಸ್ಥನಾದ ಅಬುನ ಮತ್ತೆವೋಸನ ಮುಂದೆ ನಿಲ್ಲಿಸಲ್ಪಟ್ಟರು. ಬಿಷಪನು ಯಾಜಕರ ಸಾಕ್ಷಿಯನ್ನು ಒಪ್ಪಿ ಅವರನ್ನು ದೇಶದಿಂದ ಹೊರಡಿಸಬೇಕೆಂದು ತೀರ್ಪುಕೊಟ್ಟನು.

ಇಲ್ಲಿ ಮೆನೆಲಿಕನು ಅಡ್ಡಬಂದನು. ಇಪ್ಪತ್ತು ವರ್ಷಗಳ ಹಿಂದೆ ಯಾವನು ದಾರಿಯನ್ನು ಮುಚ್ಚಿದ್ದನೋ ಅವನೇ ಈಗ ಆ ತೀರ್ಪನ್ನು ಬದಲಾಯಿಸಿದನು. ಒನೇಸಿಮರು ನೆಕೆಮ್ತೆಗೆ ಹಿಂದಿರುಗಬಹುದು, ಆದರೆ ಬೋಧಿಸಬಾರದು ಎಂಬದು ಅವನ ಅಪ್ಪಣೆ.

ಈಗ ಏನು ಮಾಡಬೇಕಾಗಿತ್ತು? ಅರಸನ ಅಪ್ಪಣೆಯನ್ನು ಮೀರಿದರೆ ಶಾಲೆಯೂ ಹೋಗುವದು, ಪುಸ್ತಕಗಳೂ ಹೋಗುವವು, ನಂಬಿದವರ ಮೇಲೆ ಹಿಂಸೆಯೂ ಬರುವದು. ಅಪ್ಪಣೆಗೆ ಒಳಪಟ್ಟರೆ ಬಾಯಿಯು ಮುಚ್ಚುವದು. ಅವರು ಬಹಿರಂಗ ಬೋಧನೆಯನ್ನು ಬಿಟ್ಟು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಾ ಹತ್ತು ವರ್ಷ ತಾಳಿಕೊಂಡರು. ಗಡಿಪಾರಿನ ಭಯವು ತಲೆಯ ಮೇಲೆ ತೂಗುತ್ತಲೇ ಇತ್ತು. ಬೋಧಕನು ಸುಮ್ಮನಿರಬೇಕಾಯಿತು, ಆದರೆ ಓದುವದನ್ನು ಕಲಿತ ಮಕ್ಕಳು ಮನೆಗೆ ಹೋಗಿ ಒಲೆಯ ಬಳಿಯಲ್ಲಿ ಸತ್ಯವೇದವನ್ನು ಓದುವದನ್ನು ಯಾವ ಅಪ್ಪಣೆಯು ತಡೆಯಬಲ್ಲದು?

೧೯೧೬ರಲ್ಲಿ ಅಬುನನು ಅವರನ್ನು ಹೊರಡಿಸಲು ಮತ್ತೊಮ್ಮೆ ಪ್ರಯತ್ನಿಸಿದನು. ಆಗ ಮೆನೆಲಿಕನ ಮೊಮ್ಮಗನಾದ ಲಿಜ್ ಇಯಾಸುವು ಆಳುತ್ತಿದ್ದನು. ಅವನು ಒನೇಸಿಮರಿಗೆ ಬೋಧಿಸುವದಕ್ಕೆ ಅಪ್ಪಣೆಕೊಟ್ಟನು. ಅದೇ ವರ್ಷದಲ್ಲಿ ಇಯಾಸುವು ಪದವಿಯಿಂದ ತಳ್ಳಲ್ಪಟ್ಟರೂ ಆ ಅಪ್ಪಣೆಯು ರದ್ದಾಗಲಿಲ್ಲ. ಒನೇಸಿಮರು ಉಳಿದ ಹದಿನೈದು ವರ್ಷಗಳನ್ನು ಬೋಧನೆಯಲ್ಲಿಯೂ ಪುಸ್ತಕಗಳನ್ನು ಹಂಚುವದರಲ್ಲಿಯೂ ಕಳೆದು ೧೯೩೧ನೆಯ ಜೂನ್ ೨೧ರಲ್ಲಿ ಕರ್ತನಲ್ಲಿ ನಿದ್ರೆಹೋದರು. ಐಥಿಯೋಪ್ಯದ ಮೊದಲನೆಯ ರಾಜ್ಯಶಾಸನವು ಪ್ರಕಟವಾದದ್ದು ಅದೇ ವರ್ಷದ ಮುಂದಿನ ತಿಂಗಳಲ್ಲಿ. ದಾಸತ್ವವನ್ನು ನಿರ್ಮೂಲಮಾಡುವ ಆಜ್ಞೆಯು ಹೊರಟದ್ದು ೧೯೪೨ರಲ್ಲಿ. ಅವೆರಡನ್ನೂ ಅವರು ಕಾಣಲಿಲ್ಲ. ಆಸ್ತೆರ್ ಗನ್ನೋ ಎಂಬಾಕೆಯು ೧೯೬೪ರ ತನಕ ಬದುಕಿದ್ದಳು.

೭. ಅವರ ತರುವಾಯ

೧೯೩೬ರಿಂದ ೧೯೪೧ರ ತನಕ ಇಟಲಿಯವರು ಐಥಿಯೋಪ್ಯವನ್ನು ಹಿಡಿದಿದ್ದರು. ಮಿಶನರಿಗಳು ಹೊರಡಬೇಕಾಯಿತು, ಸ್ಥಳದ ವಿಶ್ವಾಸಿಗಳು ತಾವೇ ಸಭೆಯನ್ನು ನಡಿಸಿದರು. ಚಕ್ರವರ್ತಿ ಹೈಲೆ ಸೆಲಾಸ್ಸಿಯು ಹಿಂದಿರುಗಿದ ಮೇಲೆ, ದೇಶವನ್ನು ಒಂದು ಮಾಡಬೇಕಾದರೆ ಒಂದೇ ಭಾಷೆ ಬೇಕೆಂದು ಎಣಿಸಿ, ೧೯೪೪ನೆಯ ಶಾಸನದಿಂದ ಮಿಶನ್ ಶಾಲೆಗಳಲ್ಲಿ ಅಮ್ಹಾರಿಕ್ ಭಾಷೆಯನ್ನೇ ಕಲಿಕೆಯ ಭಾಷೆಯಾಗಿ ಮಾಡಿದನು. ಒನೇಸಿಮರ ಪುಸ್ತಕಗಳು ಮೂಲೆಗೆ ಸೇರಿದವು. ತಮ್ಮ ಮಾತನ್ನಾಡಲು ನಾಚುವ ಒಂದು ತಲೆಮಾರು ಶಾಲೆಗಳಿಂದ ಹೊರಟಿತು. ಆದರೆ ಹಳ್ಳಿಯ ಸಭೆಗಳಲ್ಲಿ ಒರೋಮೋ ಸತ್ಯವೇದವನ್ನು ಓದುವದೂ ಕೀರ್ತನೆಗಳನ್ನು ಹಾಡುವದೂ ನಿಲ್ಲಲಿಲ್ಲ.

೧೯೫೯ರಲ್ಲಿ ಆ ಸಭೆಗಳೂ ಬೇರೆ ಮಿಶನುಗಳ ಸಭೆಗಳೂ ಕೂಡಿ ಮೆಕಾನೆ ಯೇಸುಸ್ ಎಂಬ ಸ್ವದೇಶೀಯ ಇವಾಂಜೆಲಿಕಲ್ ಸಭೆಯಾಯಿತು. ಇಂದು ಅದರಲ್ಲಿ ಒಂದು ಕೋಟಿಗಿಂತ ಹೆಚ್ಚು ಮಂದಿಯಿದ್ದಾರೆ. ೧೯೭೪ರಲ್ಲಿ ಚಕ್ರವರ್ತಿಯನ್ನು ಇಳಿಸಿದ ಸೈನಿಕರು ೧೯೭೫ರಲ್ಲಿ ಜಮೀನನ್ನು ಜಮೀನ್ದಾರರಿಂದ ಕಿತ್ತುಕೊಂಡಾಗ ಉಳುವವರು ಸಂತೋಷಪಟ್ಟರು. ಆದರೆ ಆ ಸರಕಾರವು ಬೇಗನೆ ರಕ್ತದಲ್ಲಿ ಕೈ ತೊಳೆಯಿತು. ಅನೇಕ ದೇವಾಲಯಗಳ ಬಾಗಿಲುಗಳು ಮುಚ್ಚಲ್ಪಟ್ಟವು. ಸಭೆಯ ಪ್ರಧಾನ ಕಾರ್ಯದರ್ಶಿಯಾದ ಗುದೀನ ತುಮ್ಸಾ ಎಂಬ ಒರೋಮೋ ಪಾದ್ರಿಯವರು, ಅದೇ ಬೋಜಿಯವರು, ದೇಶವನ್ನು ಬಿಟ್ಟು ಓಡಿಹೋಗುವ ಅವಕಾಶವಿದ್ದರೂ ಮಂದೆಯನ್ನು ಬಿಟ್ಟುಹೋಗಲೊಲ್ಲದೆ ನಿಂತರು. ೧೯೭೯ನೆಯ ಜುಲೈ ೨೮ರಲ್ಲಿ ಅವರನ್ನು ಹಿಡಿದುಕೊಂಡು ಹೋಗಿ ಕೊಂದರು. ಅವರ ಎಲುಬುಗಳು ಸಿಕ್ಕಿದ್ದು ೧೯೯೨ರಲ್ಲಿ.

೧೯೯೧ರಲ್ಲಿ ಆ ಸರಕಾರವು ಬಿದ್ದುಹೋಯಿತು. ಅದೇ ವರ್ಷದಲ್ಲಿ ಒರೋಮೋ ಭಾಷೆಗೆ ರೋಮನ್ ಅಕ್ಷರಗಳಿಂದ ಮಾಡಿದ ಕುಬೆ ಎಂಬ ಲಿಪಿಯು ಅಂಗೀಕರಿಸಲ್ಪಟ್ಟಿತು. ಮಕ್ಕಳು ಶಾಲೆಯಲ್ಲಿ ತಾಯ್ನುಡಿಯಿಂದಲೇ ಕಲಿಯತೊಡಗಿದರು. ೧೯೯೫ನೆಯ ರಾಜ್ಯಶಾಸನವು ದೇಶವನ್ನು ಜನಾಂಗಗಳ ಪ್ರಕಾರ ಪ್ರಾಂತಗಳಾಗಿ ಮಾಡಿ, ಎಲ್ಲಾ ಭಾಷೆಗಳಿಗೂ ಸಮಾನವಾದ ಮಾನವನ್ನು ಕೊಟ್ಟು, ಬೇಕಾದರೆ ಬೇರೆಯಾಗುವ ಹಕ್ಕನ್ನೂ ಬರೆದಿಟ್ಟಿತು.

ಇದರಿಂದ ಎಲ್ಲವೂ ನೆಟ್ಟಗಾಯಿತೆಂದು ಹೇಳುವ ಹಾಗಿಲ್ಲ. ಐಥಿಯೋಪ್ಯವು ಒಂದೇ ಮನೆಯೋ, ಅನೇಕ ಮನೆಗಳ ಊರೋ ಎಂಬ ವ್ಯಾಜ್ಯವು ತೀರಲಿಲ್ಲ. ಪ್ರಾಂತಗಳ ಗಡಿಗಳು ಜಗಳಕ್ಕೆ ಕಾರಣವಾದವು. ಒಂದು ಜನದ ಪ್ರಾಂತದಲ್ಲಿ ವಾಸಿಸುವ ಬೇರೆ ಜನದವರು ಪರದೇಶಿಗಳಂತಾದರು. ೨೦೧೮ರಲ್ಲಿ ಒರೋಮೋ ತಂದೆಯ ಮಗನಾದ ಅಬಿ ಅಹ್ಮದ್ ಎಂಬವರು ಪ್ರಧಾನಮಂತ್ರಿಯಾಗಿ ೨೦೧೯ರಲ್ಲಿ ನೊಬೆಲ್ ಶಾಂತಿ ಬಹುಮಾನವನ್ನು ಪಡೆದರು. ಆದರೆ ೨೦೨೦ರ ನವೆಂಬರಿನಿಂದ ೨೦೨೨ರ ನವೆಂಬರಿನ ತನಕ ತಿಗ್ರಾಯ್ ಸೀಮೆಯಲ್ಲಿ ಘೋರವಾದ ಯುದ್ಧವು ನಡೆಯಿತು. ಒನೇಸಿಮರು ಬೋಧಿಸಿದ ವೊಲ್ಲೆಗದಲ್ಲಿಯೂ ಆ ವರ್ಷಗಳಲ್ಲಿ ಆಯುಧಧಾರಿಗಳು ಹಳ್ಳಿಗಳಿಗೆ ನುಗ್ಗಿ ನಿರಪರಾಧಿಗಳಾದ ಅಮ್ಹಾರರನ್ನು ಕೊಂದರು, ಒರೋಮೋಗಳೂ ಕೊಲ್ಲಲ್ಪಟ್ಟರು. ಒಂದು ಕಾಲದಲ್ಲಿ ಅಪಹಾಸ್ಯಕ್ಕೆ ಗುರಿಯಾಗಿದ್ದ ಭಾಷೆಯು ಈಗ ಮನುಷ್ಯನನ್ನು ಸ್ವಜನನೋ ಶತ್ರುವೋ ಎಂದು ಪರೀಕ್ಷಿಸುವ ಗುರುತಾಗುವದಾದರೆ ಅದು ಯೊರ್ದನಿನ ಹಾಯಗಡಗಳಲ್ಲಿ ನಡೆದ ಶಿಬ್ಬೋಲೆತ್ ಎಂಬ ಮಾತಿನ ಕಥೆಯೇ ಸರಿ.

೮. ನಾವು ಕಲಿಯತಕ್ಕದ್ದು

ಪ್ರಿಯ ವಾಚಕರೇ, ಈ ಚರಿತ್ರೆಯನ್ನು ನಾವು ಯಾಕೆ ಹೇಳಿದೆವು? ಕ್ರಿಸ್ತನನ್ನು ನಂಬಿದವನು ತನ್ನ ಜನವನ್ನು ಬಿಟ್ಟನೆಂದು ನೆರೆಯವರು ನಮ್ಮನ್ನೂ ದೂರುವದುಂಟು. ನಂಬಿದ ಮೇಲೆ ಹಿರಿಯರ ಗಾದೆ ಹಾಡುಗಳೆಲ್ಲಾ ಕಸವೆಂದು ನಮ್ಮವರಲ್ಲಿಯೇ ಕೆಲವರು ಎಣಿಸುವದೂ ಉಂಟು. ಒನೇಸಿಮರು ಈ ಎರಡು ಮಾತುಗಳಿಗೂ ಜೀವದಿಂದ ಉತ್ತರ ಕೊಟ್ಟರು. ಅವರು ನಂಬಿದ್ದರಿಂದಲೇ ಜನರ ಬಳಿಗೆ ಹಿಂದಿರುಗಿದರು. ಅವರೂ ಆಸ್ತೆರಳೂ ಹಿರಿಯರ ಕಥೆಗಳನ್ನು ಮಕ್ಕಳ ಪಾಠಪುಸ್ತಕದಲ್ಲಿ ಬರೆದಿಟ್ಟದ್ದರಿಂದ, ಕ್ರೈಸ್ತರಲ್ಲದ ಒರೋಮೋಗಳು ಕೂಡ ಇಂದು ಅವರನ್ನು ತಮ್ಮ ಭಾಷೆಯ ಹಿರಿಯರೆಂದು ಗೌರವಿಸುತ್ತಾರೆ.

ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ತಮ್ಮನ್ನು ಮಾರಿದವರ ಮೇಲಾಗಲಿ, ತಮ್ಮ ಸೀಮೆಯನ್ನು ಗೆದ್ದವರ ಮೇಲಾಗಲಿ, ತಮ್ಮ ಮೇಲೆ ದೂರು ಹೇಳಿದ ಯಾಜಕರ ಮೇಲಾಗಲಿ ಅವರು ಕತ್ತಿಯನ್ನು ಎತ್ತಲಿಲ್ಲ. ಗೆದ್ದವರ ಲಿಪಿಯಿಂದಲೇ ಸೋತವರ ಭಾಷೆಯನ್ನು ಬರೆದರು. ಸ್ವಭಾಷೆಯನ್ನು ಪ್ರೀತಿಸುವದಕ್ಕೆ ಪರಭಾಷೆಯನ್ನು ದ್ವೇಷಿಸಬೇಕಾಗಿಲ್ಲವೆಂಬದು ಅವರ ನಡತೆಯಿಂದ 1ತೋರುತ್ತದೆ. ಒಂದು ಭಾಷೆಯನ್ನು ಅಡಗಿಸಿ ದೇಶವನ್ನು ಒಂದು ಮಾಡಹೊರಟವರು ಮನಸ್ಸುಗಳನ್ನು ಒಡೆದರು. ಭಾಷೆಯ ಹೆಸರಿನಲ್ಲಿ ನೆರೆಯವನನ್ನು ಕೊಂದವರೂ ಅದನ್ನೇ ಮಾಡಿದರು. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು, ಅದು ಇಕ್ಕಟ್ಟಾದದ್ದು. ನನ್ನ ಮಾತಿಗೆ ಬೇಕಾದ ಮಾನವನ್ನು ನೆರೆಯವನ ಮಾತಿಗೂ ಕೊಡುವದೇ ಆ ದಾರಿ. ಐಥಿಯೋಪ್ಯದ ಮುಂದಿನ ಕಾಲವು ಅಲ್ಲಿನವರು ಆ ದಾರಿಯನ್ನು ಹಿಡಿಯುವರೋ ಇಲ್ಲವೋ ಎಂಬದರ ಮೇಲೆ ನಿಂತಿದೆ. ಕೊಂಕಣಿ, ತುಳು, ಉರ್ದು, ಲಂಬಾಣಿ, ಕನ್ನಡಗಳು ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಊರುಗಳಿಗೂ ಈ ಮಾತು ಹೊರತಲ್ಲ.

ಆದಕಾರಣ ನಮ್ಮ ಸಭೆಗಳವರು ಐಥಿಯೋಪ್ಯದ ಸಮಾಧಾನಕ್ಕಾಗಿಯೂ ವೊಲ್ಲೆಗದ ಹಳ್ಳಿಗಳಿಗಾಗಿಯೂ ಪ್ರಾರ್ಥಿಸಬೇಕೆಂದು ಕೇಳಿಕೊಳ್ಳುತ್ತೇವೆ. ಈ ರಾತ್ರಿ ಮನೆಯಲ್ಲಿ ಕನ್ನಡ ಸತ್ಯವೇದವನ್ನು ತೆರೆಯುವಾಗ, ನಮ್ಮ ತಾಯಿಯ ಮಾತಿನಲ್ಲಿ ಅದನ್ನು ನಮ್ಮ ಕೈಗೆ ಕೊಡುವದಕ್ಕೆ ಯಾರು ಯಾರು ದುಡಿದರೋ, ಅವರಲ್ಲಿ ಯಾರ ಹೆಸರು ಮುಖಪತ್ರದಲ್ಲಿ ಬರಲಿಲ್ಲವೋ, ಅವರನ್ನೂ ನೆನಸಿ ದೇವರಿಗೆ ಸ್ತೋತ್ರ ಮಾಡೋಣ.